ಜಿಪ್ಪು ಏಕೆ ಸಿಕ್ಕಿಕೊಳ್ಳುತ್ತದೆ?

ಅವಸರದಲ್ಲಿ ಅಂಗಿ ತೊಟ್ಟುಕೊಳ್ಳುವಾಗ ಮೊದಲನೆಯ ಗುಂಡಿಯನ್ನು ಎರಡನೆಯ ಕಾಜಕ್ಕೆ ಸೇರಿಸಿಬಿಟ್ಟ ಅನುಭವ ಎಲ್ಲರಿಗೂ ಉಂಟು. ಎರಡನೆಯ ಗುಂಡಿ ಮೂರನೆಯ ಕಾಜಕ್ಕೆ, ಮೂರನೆಯದು ನಾಲ್ಕನೆಯದಕ್ಕೆ, ಹೀಗೆ ಎಲ್ಲವೂ ಸುಸೂತ್ರವಾಗಿಯೇ ಸಾಗುತ್ತದೆ. ತಪ್ಪು ನಡೆದಿದೆಯೆಂಬುದು ತಿಳಿಯುವುದು ಕಟ್ಟಕಡೆಯಲ್ಲಿ, ಒಂದು ಗುಂಡಿಗೆ ಕಾಜವೇ ಇಲ್ಲದೆ ಹೋದಾಗ. ಆಗ ಯಾರೂ ಆ ಕೊನೆಯ ಗುಂಡಿಯೊಡನೆ ಜಗಳವಾಡುವುದಿಲ್ಲ. ಎಲ್ಲವನ್ನೂ ಬಿಚ್ಚಿ ಮೊದಲಿನಿಂದ ಹಾಕಿಕೊಳ್ಳುತ್ತಾರೆ. ಆದರೆ ಜಾಕೆಟ್ಟಿನ ಜಿಪ್ಪು ಸಿಕ್ಕಿಕೊಂಡಾಗ ಮಾತ್ರ ಈ ವಿವೇಕ ಯಾರಿಗೂ ಹೊಳೆಯುವುದಿಲ್ಲ. ಎಳೆಯುತ್ತಾರೆ, ಬಾರದಿದ್ದರೆ ಇನ್ನೂ ಬಲವಾಗಿ ಎಳೆಯುತ್ತಾರೆ. ಘರ್ಷಣೆಯ ನಿಯಮಗಳನ್ನು ಪ್ರತಿವರ್ಷವೂ ಪಾಠ ಹೇಳುವ ನಾವೂ ಇದಕ್ಕೆ ಹೊರತಲ್ಲವೆಂಬುದನ್ನು ಹಿಮಾಲಯದ ಒಂದು ಬಿಡಾರದಲ್ಲಿ, ನಮ್ಮ ವಿದ್ಯಾರ್ಥಿಗಳ ಎದುರಿಗೇ, ತೋರಿಸಿಕೊಡಬೇಕಾಗಿ ಬಂದಿತು.

ಕೆಲವು ವರ್ಷಗಳ ಹಿಂದೆ ಮೇ ತಿಂಗಳಿನಲ್ಲಿ ನಾವು ಕಾಲೇಜಿನ ಹನ್ನೆರಡು ಮಂದಿ ವಿದ್ಯಾರ್ಥಿಗಳೊಡನೆ ಹಿಮಾಚಲ ಪ್ರದೇಶಕ್ಕೆ ಚಾರಣ ಹೋಗಿದ್ದೆವು. ಪಾರ್ವತೀ ನದಿಯ ಕಣಿವೆಯಿಂದ ಮೇಲೇರಿ ಸಾರ್ ಪಾಸ್ ಎಂಬ ಹಿಮದ ಹಾದಿಯನ್ನು ದಾಟುವುದು ನಮ್ಮ ಗುರಿ. ಆ ಸ್ಥಳ ಸಮುದ್ರಮಟ್ಟದಿಂದ 4,000 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಬಿಸಿಲೇರಿದಂತೆ ಹಿಮ ಮೆದುವಾಗಿ ಹೆಜ್ಜೆ ಹೂತುಹೋಗುವುದರಿಂದ ಅಲ್ಲಿಗೆ ಬೆಳಕು ಹರಿಯುವ ಮೊದಲೇ ಹೊರಡುವುದು ವಾಡಿಕೆ. ಮೂರು ಗಂಟೆಗೆ ಎದ್ದು ಡೇರೆಯ ಕತ್ತಲೆಯಲ್ಲಿ ಎಲ್ಲರೂ ಸಿದ್ಧರಾಗುತ್ತಿದ್ದಾಗ ಹಾಸನದ ಕಡೆಯ ಹುಡುಗನೊಬ್ಬ ನಮ್ಮ ಬಳಿಗೆ ಬಂದ. ಅಣ್ಣನಿಂದ ಎರವಲು ತಂದ ದಪ್ಪ ಜಾಕೆಟ್ಟು ಅವನದು; ಅದರ ಜಿಪ್ಪು ಹೊಟ್ಟೆಯ ಮಟ್ಟದಲ್ಲಿ ನಿಂತುಬಿಟ್ಟಿತ್ತು. ಮೇಲಕ್ಕೆ ಬಾರದು, ಕೆಳಕ್ಕೆ ಹೋಗದು. ಹೊರಗೆ ಬಕೆಟ್ಟಿನ ನೀರಿನ ಮೇಲೆ ಮಂಜುಗಡ್ಡೆಯ ಕೆನೆ ಕಟ್ಟಿತ್ತು; ಗಾಳಿಯೂ ಬೀಸುತ್ತಿತ್ತು.

ಜಾಕೆಟ್ಟು ಮೈಯನ್ನು ಬೆಚ್ಚಗಿಡುವುದು ತಾನು ಬಿಸಿಯಾಗಿರುವುದರಿಂದಲ್ಲ, ಅಲುಗಾಡದ ಗಾಳಿಯ ಪದರವೊಂದನ್ನು ತನ್ನೊಳಗೆ ಹಿಡಿದಿಡುವುದರಿಂದ. ನಿಶ್ಚಲವಾದ ವಾಯು ಉಷ್ಣದ ಬಲು ಕೆಟ್ಟ ವಾಹಕ. ಮುಂಭಾಗ ತೆರೆದಿದ್ದರೆ ಆ ವಾಯು ನಿಶ್ಚಲವಾಗಿ ಉಳಿಯದು. ಮೈಯಿಂದ ಬಿಸಿಯಾದ ಗಾಳಿ ಹೊರಬಿದ್ದು, ಹೊರಗಿನ ತಣ್ಣನೆಯ ಗಾಳಿ ಕ್ಷಣಕ್ಷಣವೂ ಒಳನುಗ್ಗುತ್ತದೆ. ಎದೆ ತೆರೆದ ಜಾಕೆಟ್ಟು ಅಂತಹ ಜಾಗದಲ್ಲಿ ಹೆಗಲಿನ ಹೊರೆಯೇ ಹೊರತು ಹೊದಿಕೆಯಲ್ಲ. ಜಿಪ್ಪು ಹತ್ತದಿದ್ದರೆ ಹುಡುಗನನ್ನು ಮೇಲಕ್ಕೆ ಕರೆದೊಯ್ಯುವುದಿಲ್ಲವೆಂದು ದಾರಿ ತೋರಿಸುವವನು ಖಂಡಿತವಾಗಿ ಹೇಳಿದ. ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಒಂದು ವರ್ಷವೆಲ್ಲ ಹಣ ಕೂಡಿಸಿ ಬಂದಿದ್ದ ಹುಡುಗನ ಮುಖ ಬಾಡಿತು.

ನಾವು ಎಳೆದೆವು. ಇನ್ನೊಬ್ಬ ವಿದ್ಯಾರ್ಥಿ ಜಾಕೆಟ್ಟಿನ ಕೆಳತುದಿಯನ್ನು ಹಿಡಿದುಕೊಂಡ. ನಾವು ಇನ್ನೂ ಬಲವಾಗಿ ಎಳೆದೆವು. “ಬೇಡಿ ಸರ್, ಹರಿದುಹೋದರೆ ಅಣ್ಣ ಬಯ್ಯುತ್ತಾನೆ” ಎಂದು ಹುಡುಗ ಹೇಳುತ್ತಿದ್ದಂತೆಯೇ ನಾಲ್ಕನೆಯ ಎಳೆತಕ್ಕೆ ರನ್ನರಿನ ಹಿಡಿಕೆ ಮುರಿದು ನಮ್ಮ ಕೈಗೆ ಬಂದಿತು.

ಮುಂದೇನಾಯಿತೆಂಬುದನ್ನು ಹೇಳುವ ಮೊದಲು ಜಿಪ್ಪಿನ ರಚನೆಯನ್ನು ಸ್ವಲ್ಪ ಪರೀಕ್ಷಿಸೋಣ. ವಾಚಕರು ತಮ್ಮ ಚೀಲದ ಜಿಪ್ಪನ್ನೋ ಜಾಕೆಟ್ಟಿನ ಜಿಪ್ಪನ್ನೋ ಎದುರಿಗಿಟ್ಟುಕೊಂಡು ಓದಿದರೆ ಒಳ್ಳೆಯದು.

ಎರಡು ಬಟ್ಟೆಯ ಪಟ್ಟಿಗಳ ಅಂಚಿನಲ್ಲಿ ಹಲ್ಲುಗಳು ಸಾಲಾಗಿ ಕುಳಿತಿರುತ್ತವೆ. ಒಂದು ಸಾಲಿನ ಹಲ್ಲು ಮತ್ತೊಂದು ಸಾಲಿನ ಎರಡು ಹಲ್ಲುಗಳ ನಡುವಣ ಸಂದಿಗೆ ಎದುರಾಗಿ ನಿಲ್ಲುತ್ತದೆ. ಲೋಹದ ಜಿಪ್ಪಿನ ಒಂದು ಹಲ್ಲನ್ನು ಭೂತಗನ್ನಡಿಯಿಂದ ನೋಡಿದರೆ ಅದರ ಒಂದು ಮುಖದಲ್ಲಿ ಪುಟ್ಟ ಉಬ್ಬು, ಇನ್ನೊಂದು ಮುಖದಲ್ಲಿ ಅದಕ್ಕೆ ಹೊಂದುವ ಕುಳಿ ಕಾಣುತ್ತವೆ. ಚಮಚಗಳನ್ನು ಒಂದರ ಮೇಲೊಂದು ಜೋಡಿಸಿದಾಗ ಒಂದರ ಬೆನ್ನು ಇನ್ನೊಂದರ ಹೊಟ್ಟೆಯಲ್ಲಿ ಕೂರುವುದಷ್ಟೆ, ಇಲ್ಲಿಯೂ ಹಾಗೆಯೇ. ಹೀಗೆ ಕೂತಮೇಲೆ ಪಟ್ಟಿಗಳನ್ನು ಎಷ್ಟೇ ಪಕ್ಕಕ್ಕೆಳೆದರೂ ಹಲ್ಲು ಹೊರಬಾರದು. ಅದು ಹೊರಬರಬೇಕಾದರೆ ಅದರ ಮೇಲಿನ ಮತ್ತು ಕೆಳಗಿನ ಹಲ್ಲುಗಳು ಉಬ್ಬಿನ ಎತ್ತರದಷ್ಟು ದೂರ ಸರಿದು ದಾರಿ ಬಿಡಬೇಕು. ಅವನ್ನಾದರೋ ಅವುಗಳ ನೆರೆಯ ಹಲ್ಲುಗಳು ಸರಿಯಗೊಡುವುದಿಲ್ಲ. ಸಾಲಿನ ತುದಿಯಲ್ಲಿರುವ ಹಲ್ಲೊಂದೇ ಸ್ವತಂತ್ರ. ಅದನ್ನು ಓರೆಯಾಗಿ ತಿರುಗಿಸಿ ಒಳಸೇರಿಸಬಹುದು, ಹಾಗೆಯೇ ಹೊರತೆಗೆಯಬಹುದು. ಒಮ್ಮೆಗೆ ಒಂದೇ ಹಲ್ಲು, ಅದೂ ತುದಿಯಿಂದ ಮಾತ್ರ: ಜಿಪ್ಪಿನ ಗುಟ್ಟೆಲ್ಲ ಇಷ್ಟೆ.

ಈ ಓರೆಯ ತಿರುವನ್ನು ಕೊಡುವ ಸಾಧನವೇ ನಮ್ಮ ದರ್ಜಿಗಳು ರನ್ನರ್ ಎಂದು ಕರೆಯುವ ಲೋಹದ ತುಂಡು. ಅದರೊಳಗೆ ಒಂದು ಕಾಲುವೆ ಇದೆ. ಒಂದು ತುದಿಯಲ್ಲಿ ಅದು ಎರಡು ಕವಲಾಗಿ ಒಡೆದಿದೆ, ಇನ್ನೊಂದು ತುದಿಯಲ್ಲಿ ಒಂದೇ. ಕವಲುಗಳ ನಡುವೆ ಒಂದು ಬೆಣೆ ನಿಂತಿದೆ. ಮುಚ್ಚುವಾಗ ಕವಲುಗಳ ಹೊರಗೋಡೆಗಳು ಎರಡು ಸಾಲುಗಳನ್ನೂ ಓರೆಯಾಗಿ ಒಳಕ್ಕೆ ಒತ್ತಿ ಬೆಸೆಯುತ್ತವೆ. ತೆರೆಯುವಾಗ ನಡುವಣ ಬೆಣೆ ಬೆಸುಗೆಯೊಳಕ್ಕೆ ನುಗ್ಗಿ ಅವನ್ನು ಅಗಲಿಸುತ್ತದೆ. ಇದಕ್ಕಿಂತ ಹೆಚ್ಚಿನ ಬುದ್ಧಿ ರನ್ನರಿಗೆ ಇಲ್ಲ. ತನ್ನ ಎರಡು ಬಾಯಿಗೆ ಬಂದ ಹಲ್ಲುಗಳು ಒಂದಕ್ಕೊಂದು ಸರಿಯಾದ ಜೊತೆಯೇ ಅಲ್ಲವೇ ಎಂಬುದನ್ನು ಅದು ಎಣಿಸಲಾರದು, ಬಂದದ್ದನ್ನು ಬೆಸೆಯುತ್ತದೆ. ಹಲ್ಲಿನ ಬದಲು ಅಸ್ತರಿನ ಬಟ್ಟೆ ಬಂದರೆ ಅದನ್ನೂ ಒಳಕ್ಕೆಳೆದುಕೊಳ್ಳುತ್ತದೆ.

ಇಷ್ಟು ಸರಳವಾದ ವಸ್ತು ಸರಿಯಾದ ರೂಪಕ್ಕೆ ಬರಲು ಇಪ್ಪತ್ತು ವರ್ಷ ಹಿಡಿಯಿತೆಂಬುದು ಸ್ವಾರಸ್ಯದ ಸಂಗತಿ. ಅಮೆರಿಕದ ಶಿಕಾಗೋ ನಗರದ ವಿಟ್‌ಕೂಂಬ್ ಜಡ್ಸನ್ ಎಂಬಾತ 1893ರಲ್ಲಿ ಬೂಟುಗಳನ್ನು ಮುಚ್ಚಲು ಇಂತಹ ಒಂದು ಸಾಧನಕ್ಕೆ ಹಕ್ಕುಪತ್ರ ಪಡೆದ. ಅದರಲ್ಲಿ ಹಲ್ಲುಗಳಿರಲಿಲ್ಲ, ಕೊಕ್ಕೆಗಳಿದ್ದುವು; ಅವು ಬೇಡದ ಹೊತ್ತಿನಲ್ಲಿ ತಾವಾಗಿ ಬಿಚ್ಚಿಕೊಳ್ಳುತ್ತಿದ್ದುವು. ಆತನ ಸಂಸ್ಥೆಯನ್ನು ಸೇರಿದ ಸ್ವೀಡನ್ ದೇಶದ ಇಂಜಿನಿಯರ್ ಗಿಡಿಯನ್ ಸುಂಡ್‌ಬ್ಯಾಕ್ 1913ರಲ್ಲಿ ಕೊಕ್ಕೆಗಳನ್ನು ಕೈಬಿಟ್ಟು ಮೇಲೆ ವಿವರಿಸಿದ ಉಬ್ಬು ಕುಳಿಗಳ ಹಲ್ಲನ್ನು ರೂಪಿಸಿದ. ಅಂಗುಲಕ್ಕೆ ನಾಲ್ಕಿದ್ದ ಬಂಧಗಳು ಹತ್ತು ಹನ್ನೊಂದಾದುವು. 1917ರಲ್ಲಿ ಅವನಿಗೆ ಹಕ್ಕುಪತ್ರ ದೊರೆಯಿತು. ಜಿಪ್ಪರ್ ಎಂಬ ಹೆಸರು ಬಂದದ್ದು 1923ರಲ್ಲಿ, ಗುಡ್‌ರಿಚ್ ಎಂಬ ರಬ್ಬರ್ ಸಂಸ್ಥೆ ತನ್ನ ಮಳೆಬೂಟುಗಳಿಗೆ ಇದನ್ನು ಜೋಡಿಸಿ ಮಾರಿದಾಗ. ಇಂದು ಅನೇಕ ಜಿಪ್ಪುಗಳಲ್ಲಿ ಬಿಡಿ ಹಲ್ಲುಗಳ ಬದಲು ನೈಲಾನ್ ಅಥವಾ ಪಾಲಿಯೆಸ್ಟರಿನ ಎಳೆಯನ್ನು ಸುರುಳಿಯಾಗಿ ಸುತ್ತಿ ಹೊಲಿದಿರುತ್ತಾರೆ. ಸುರುಳಿಯ ಒಂದೊಂದು ಸುತ್ತೂ ಒಂದೊಂದು ಹಲ್ಲಿನ ಕೆಲಸ ಮಾಡುತ್ತದೆ. ತತ್ತ್ವ ಮಾತ್ರ ಸುಂಡ್‌ಬ್ಯಾಕನದೇ.

ಇನ್ನು ಜಾಕೆಟ್ಟಿನ ವಿಚಾರ. ಚೀಲದ ಜಿಪ್ಪಿನ ಎರಡು ಪಟ್ಟಿಗಳೂ ತುದಿಯಲ್ಲಿ ಸೇರಿಯೇ ಇರುತ್ತವೆ. ಜಾಕೆಟ್ಟಿನವು ಪೂರ್ತಿಯಾಗಿ ಬೇರೆಯಾಗಬೇಕು. ಅಂದಮೇಲೆ ಪ್ರತಿಸಲ ತೊಡುವಾಗಲೂ ಅವನ್ನು ಹೊಸದಾಗಿ ಜೊತೆಗೂಡಿಸಬೇಕು. ಸಾಮಾನ್ಯ ಜಾಕೆಟ್ಟಿನಲ್ಲಿ ಒಂದು ಪಟ್ಟಿಯ ಕೆಳತುದಿಯಲ್ಲಿ ಪುಟ್ಟ ಡಬ್ಬಿ, ಇನ್ನೊಂದರ ತುದಿಯಲ್ಲಿ ಒಂದು ಕಡ್ಡಿ ಇರುತ್ತವೆ. ಕಡ್ಡಿಯನ್ನು ರನ್ನರಿನ ಮೂಲಕ ತೂರಿಸಿ ಡಬ್ಬಿಯ ತಳ ಮುಟ್ಟುವಂತೆ ಇಳಿಸಿದರೆ ಎರಡು ಸಾಲಿನ ಮೊದಲ ಹಲ್ಲುಗಳು ಎದುರುಬದುರಾದಂತೆಯೇ. ರನ್ನರಿಗೆ ಬಾರದ ಎಣಿಕೆಯನ್ನು ಡಬ್ಬಿ ಒಮ್ಮೆ, ಪ್ರಾರಂಭದಲ್ಲಿಯೇ, ಮಾಡಿಕೊಡುತ್ತದೆ. ಡಬ್ಬಿ ಪಟ್ಟಿಗೆ ಬಿಗಿಯಾಗಿ ಅಂಟಿರುವುದರಿಂದ ಅದರ ಎಣಿಕೆ ತಪ್ಪುವುದು ಅಪರೂಪ.

ಎರಡು ರನ್ನರುಗಳ ಜಾಕೆಟ್ಟಿನಲ್ಲಿ ಈ ಡಬ್ಬಿಯೇ ಇಲ್ಲ. ಅಲ್ಲಿ ಮೇಲಿನ ರನ್ನರ್ ಎಂದಿನಂತೆ ಕವಲನ್ನು ಮೇಲಕ್ಕೆ ಮಾಡಿಕೊಂಡಿದ್ದರೆ ಕೆಳಗಿನದು ತಲೆಕೆಳಗಾಗಿ, ಕವಲನ್ನು ನೆಲದ ಕಡೆಗೆ ಮಾಡಿಕೊಂಡಿರುತ್ತದೆ. ಎರಡೂ ಬೆನ್ನಿಗೆ ಬೆನ್ನು ಕೊಟ್ಟು ನಿಂತ ಹಾಗೆ. ಕೆಳಗಿನದನ್ನು ಮೇಲಕ್ಕೆಳೆದರೆ ಜಾಕೆಟ್ಟು ಕೆಳಗಿನಿಂದ ತೆರೆದುಕೊಳ್ಳುತ್ತದೆ. ಇದು ಬರಿಯ ಅಲಂಕಾರವಲ್ಲ. ಸ್ಕೂಟರಿನ ಮೇಲೋ ಬಂಡೆಯ ಮೇಲೋ ಕುಳಿತಾಗ ಉದ್ದನೆಯ ಜಾಕೆಟ್ಟಿನ ಕೆಳಭಾಗ ತೊಡೆಗಳಿಂದ ಪಕ್ಕಕ್ಕೆ ಬಲವಾಗಿ ಎಳೆಯಲ್ಪಡುತ್ತದೆ. ಕೆಳ ರನ್ನರನ್ನು ನಾಲ್ಕು ಬೆರಳು ಮೇಲಕ್ಕೇರಿಸಿಬಿಟ್ಟರೆ ಈ ಎಳೆತ ಹಲ್ಲುಗಳ ಮೇಲೆ ಬೀಳುವುದಿಲ್ಲ. ಆದರೆ ಈ ಅನುಕೂಲಕ್ಕೆ ಒಂದು ಬೆಲೆ ಕೊಡಬೇಕಾಗಿದೆ. ಎರಡು ಸಾಲುಗಳನ್ನು ಸರಿಯಾಗಿ ಎದುರಾಗಿಸುವ ಹೊಣೆ ಈಗ ಕೆಳ ರನ್ನರಿನ ಮೇಲೆ ಬಿದ್ದಿದೆ, ಅದಾದರೋ ಚಲಿಸುವ ವಸ್ತು. ಅಳತೆಗೋಲಿನ ಸೊನ್ನೆಯ ಗೆರೆಯೇ ಅತ್ತಿತ್ತ ಸರಿದಾಡುತ್ತಿದ್ದರೆ ಅಳತೆ ಏನಾದೀತು?

ಎರಡು ರನ್ನರುಗಳೂ ತಳದವರೆಗೆ ಇಳಿದು ಒಂದಕ್ಕೊಂದು ತಾಗಿಕೊಂಡಿರುವಾಗ ಮಾತ್ರ ಕಡ್ಡಿ ಮೇಲಿನದರ ಕವಲಿನಿಂದ ಒಳಹೊಕ್ಕು, ಎರಡರ ಕಾಲುವೆಗಳನ್ನೂ ದಾಟಿ, ಸರಿಯಾದ ಸ್ಥಾನಕ್ಕೆ ಇಳಿಯುತ್ತದೆ. ಕೆಳ ರನ್ನರ್ ಒಂದು ಬೆರಳಿನಷ್ಟು ಮೇಲೇರಿದ್ದರೂ ಸಾಕು, ಅಥವಾ ಕಡ್ಡಿ ಮೇಲಿನ ರನ್ನರನ್ನು ದಾಟಿ ಕೆಳಗಿನದರ ಬಾಯಲ್ಲಿ ನಿಂತರೂ ಸಾಕು, ಎದುರುಬದುರಾಗಬೇಕಾದ ಹಲ್ಲುಗಳು ತಪ್ಪಿಹೋಗುತ್ತವೆ. ಆಗ ಎರಡರಲ್ಲಿ ಒಂದು ಆಗುತ್ತದೆ. ಒಂದು ಸಂದಿಗೆ ಎರಡು ಹಲ್ಲುಗಳು ನುಗ್ಗಲು ಹೋಗಿ ಅಲ್ಲಿಯೇ ಸಿಕ್ಕಿಕೊಳ್ಳುವುದು ಒಂದು ಬಗೆ. ಇನ್ನೊಂದು ಬಗೆಯಲ್ಲಿ ಜಿಪ್ಪು ಹತ್ತುತ್ತದೆ, ಆದರೆ ಒಂದು ಹಲ್ಲಿನ ವ್ಯತ್ಯಾಸದಲ್ಲಿ. ಅಂಗಿಯ ಗುಂಡಿಯಂತೆ ಆ ವ್ಯತ್ಯಾಸ ಕತ್ತಿನವರೆಗೂ ಹಾಗೆಯೇ ಸಾಗುತ್ತದೆ. ಅಂಗುಲಕ್ಕೆ ಹತ್ತು ಹಲ್ಲುಗಳಿದ್ದರೆ ಒಂದು ಹಲ್ಲೆಂದರೆ ಸುಮಾರು 2.5 ಮಿಲಿಮೀಟರು. ಕೊರಳಪಟ್ಟಿಯ ಒಂದು ತುದಿ ಇನ್ನೊಂದಕ್ಕಿಂತ ಅಷ್ಟು ಎತ್ತರದಲ್ಲಿ ಕಂಡರೆ ದೋಷವಿರುವುದು ಕೊರಳಿನಲ್ಲಲ್ಲ, ಸೊಂಟದ ಕೆಳಗೆ. ಕೊರಳಿನ ಹತ್ತಿರ ಏನು ಮಾಡಿದರೂ ಅದು ಸರಿಹೋಗದು.

ನಮ್ಮ ಹುಡುಗನಿಗೆ ಆದದ್ದೂ ಇದೇ. ಕತ್ತಲೆಯಲ್ಲಿ ಕೆಳ ರನ್ನರ್ ಮೇಲೇರಿದ್ದನ್ನು ಅವನು ಗಮನಿಸಿರಲಿಲ್ಲ. ಪಟ್ಟಿಗಳು ಓರೆಯಾಗಿ ಹೊರಟುವು. ಸಡಿಲಾದ ಕಡೆಯಲ್ಲಿ ಗಾಳಿತಡೆಗೆಂದು ಒಳಗೆ ಹೊಲಿದಿದ್ದ ಮಡಿಕೆ ರನ್ನರಿನ ಬಾಯಿಗೆ ಸಿಕ್ಕಿತು. ಅಲ್ಲಿಂದ ಮುಂದಿನ ಅನರ್ಥಕ್ಕೆ ಕಾರಣ ನಮ್ಮ ತೋಳಿನ ಬಲ. ಅದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಬಟ್ಟೆಯ ಮಡಿಕೆ ಕಿರಿದಾಗುತ್ತ ಹೋಗುವ ಕಾಲುವೆಯಲ್ಲಿ ಬೆಣೆಯಂತೆ ಸಿಕ್ಕಿಕೊಂಡಿದೆ. ಬೆಣೆಯ ಒಂದೊಂದು ಮುಖವೂ ಚಲನೆಯ ದಿಕ್ಕಿಗೆ 15 ಡಿಗ್ರಿ ಓರೆಯಾಗಿದೆ, ಘರ್ಷಣಾಂಕ 0.3, ಗೋಡೆ ಒಂದೊಂದು ಮುಖವನ್ನೂ 10 ನ್ಯೂಟನ್ ಬಲದಿಂದ ಲಂಬವಾಗಿ ಒತ್ತುತ್ತಿದೆ ಎಂದಿಟ್ಟುಕೊಳ್ಳೋಣ. ಈ ಒತ್ತಡದ ಒಂದಂಶ ಬೆಣೆಯನ್ನು ಹಿಂದಕ್ಕೆ ತಳ್ಳುತ್ತದೆ. 15 ಡಿಗ್ರಿಯ ಸೈನ್ 0.26, ಆದುದರಿಂದ ಆ ಅಂಶ 2.6 ನ್ಯೂಟನ್. ಘರ್ಷಣಬಲ 3 ನ್ಯೂಟನ್. ಅದರಲ್ಲಿ ಚಲನೆಯ ದಿಕ್ಕಿನ ಅಂಶ 2.9 ನ್ಯೂಟನ್. ಘರ್ಷಣೆಯಾದರೋ ಯಾವಾಗಲೂ ಚಲನೆಗೆ ವಿರೋಧಿ. ಬೆಣೆಯನ್ನು ಮುಂದಕ್ಕೆ ಎಳೆಯಹೊರಟರೆ ಎರಡೂ ಬಲಗಳು ಸೇರಿ ಎದುರಿಸುತ್ತವೆ: ಒಂದು ಮುಖಕ್ಕೆ 5.5, ಎರಡು ಮುಖಗಳಿಗೆ 11 ನ್ಯೂಟನ್. ಹಿಂದಕ್ಕೆ ಎಳೆದರೆ? ಈಗ ಒತ್ತಡದ ಅಂಶ ನಮಗೆ ಸಹಾಯಕ, ಘರ್ಷಣೆಯೊಂದೇ ವಿರೋಧಿ. ಒಂದು ಮುಖಕ್ಕೆ ಉಳಿಯುವುದು 0.3, ಎರಡಕ್ಕೆ 0.6 ನ್ಯೂಟನ್ ಮಾತ್ರ. ಮುಂದಕ್ಕೆ ಎಳೆಯಲು ಒಂದು ಕಿಲೋಗ್ರಾಮಿಗೂ ಮಿಕ್ಕ ತೂಕದಷ್ಟು ಬಲ ಬೇಕಾದಲ್ಲಿ ಹಿಂದಕ್ಕೆ ತರಲು ಅರವತ್ತು ಗ್ರಾಮಿನ ತೂಕದಷ್ಟು ಸಾಕು. ಹದಿನೆಂಟರಲ್ಲಿ ಒಂದು ಪಾಲು.

ನಾವು ಮುಂದಕ್ಕೆ ಇಮ್ಮಡಿ ಬಲದಿಂದ ಎಳೆದರೆ ಬಟ್ಟೆ ಇನ್ನೂ ಕಿರಿದಾದ ಜಾಗಕ್ಕೆ ಹೋಗಿ ಒತ್ತಡವೂ ಇಮ್ಮಡಿಯಾಗುತ್ತದೆ, ಅದರೊಡನೆ ಘರ್ಷಣೆಯೂ. ನಮ್ಮ ಬಲವೇ ನಮ್ಮ ಎದುರಾಳಿಗೆ ಊಟ ಹಾಕಿದಂತೆ. ನಿಜವಾದ ರನ್ನರಿನಲ್ಲಿ ಅಂಕಿಗಳು ಇಷ್ಟು ಅಂದವಾಗಿ ಬಾರವು. ಬಟ್ಟೆಯ ನೂಲುಗಳು ಹಲ್ಲಿಗೆ ಸುತ್ತಿಕೊಂಡಿರಬಹುದು, ಕಾಲುವೆಯ ಗೋಡೆ ಬಾಗಿರುವುದೂ ಉಂಟು. ಆದರೆ ಹಿಂದಿನ ದಾರಿಯೇ ಸುಲಭದ ದಾರಿಯೆಂಬ ಮಾತು ಅದರಿಂದ ಕೆಡುವುದಿಲ್ಲ.

ಹಾಗಾದರೆ ಹುಡುಗನ ಜಿಪ್ಪು ಕೆಳಕ್ಕೂ ಏಕೆ ಬರಲಿಲ್ಲ? ಅದಕ್ಕೆ ಎರಡು ಕಾರಣಗಳಿದ್ದುವು. ಮೇಜಿನ ಅಗಲವಾದ ಡ್ರಾಯರನ್ನು ಒಂದೇ ಮೂಲೆಯ ಹಿಡಿಕೆಯಿಂದ ಎಳೆದು ನೋಡಿ. ಅದು ಓರೆಯಾಗಿ ಎರಡು ಮೂಲೆಗಳಲ್ಲಿ ಗೋಡೆಯನ್ನು ಕಚ್ಚಿಕೊಳ್ಳುತ್ತದೆ. ಎಳೆತ ಹೆಚ್ಚಿದಷ್ಟೂ ಕಚ್ಚುವ ಬಲವೂ ಅದೇ ಪ್ರಮಾಣದಲ್ಲಿ ಹೆಚ್ಚುವುದರಿಂದ ಎಷ್ಟು ಬಲ ಹಾಕಿದರೂ ಫಲವಿಲ್ಲ. ಎಳೆಯುವ ಜಾಗವನ್ನು ಬದಲಾಯಿಸಬೇಕು. ರನ್ನರ್ ಒಂದು ಅಂಗುಲಕ್ಕಿಂತಲೂ ಚಿಕ್ಕ ವಸ್ತು, ಆದುದರಿಂದ ಬಲು ಸುಲಭವಾಗಿ ಓರೆಯಾಗುತ್ತದೆ. ಎರಡನೆಯದಾಗಿ, ಜಾಕೆಟ್ಟಿನ ಅನೇಕ ರನ್ನರುಗಳೊಳಗೆ ಒಂದು ಪುಟ್ಟ ಬೀಗದ ಮೊಳೆ ಇರುತ್ತದೆ. ಹಿಡಿಕೆಯನ್ನು ಮಲಗಿಸಿದಾಗ ಅದು ಹಲ್ಲುಗಳ ನಡುವೆ ಇಳಿದು ಕೂರುತ್ತದೆ, ಹಿಡಿಕೆಯನ್ನು ಎತ್ತಿದಾಗ ಮೇಲೇಳುತ್ತದೆ. ಜಿಪ್ಪು ತಾನಾಗಿ ಜಾರದಿರಲೆಂದು ಮಾಡಿದ ಏರ್ಪಾಡು ಇದು. ಗಾಬರಿಯಲ್ಲಿ ಹಿಡಿಕೆಯನ್ನು ಬಿಟ್ಟು ರನ್ನರಿನ ಮೈಯನ್ನೇ ಹಿಡಿದು ಕೆಳಕ್ಕೆ ತಳ್ಳುತ್ತಿದ್ದ ಹುಡುಗ ಬೀಗ ಹಾಕಿದ ಬಾಗಿಲನ್ನು ತಳ್ಳುತ್ತಿದ್ದ. ನಾವು ಹಿಡಿಕೆಯನ್ನೇ ಮುರಿದು ಆ ಬೀಗದ ಕೈಯನ್ನೂ ಕಳೆದುಬಿಟ್ಟೆವು.

ನಮ್ಮ ಮಾನ ಉಳಿಸಿದವರು ಬಿಡಾರದ ಅಡುಗೆಯವರು. ಚಹದ ಪಾತ್ರೆಯನ್ನು ಇಳಿಸಿಟ್ಟು ಬಂದು ಜಿಪ್ಪನ್ನು ದೀಪದ ಬೆಳಕಿನಲ್ಲಿ ಒಂದು ನಿಮಿಷ ಸುಮ್ಮನೆ ನೋಡಿದರು. ನಾವು ಯಾರೂ ಮಾಡದೆ ಇದ್ದ ಕೆಲಸ ಅದು. ಬಳಿಕ ಗೋಣಿಚೀಲದ ಬಾಯಿ ಕಟ್ಟಿದ್ದ ಹುರಿಯಿಂದ ಒಂದು ಗೇಣು ಕತ್ತರಿಸಿ, ಹಿಡಿಕೆ ಇದ್ದ ಕಮಾನಿನೊಳಗೆ ತೂರಿಸಿ ಗಂಟು ಹಾಕಿದರು. ಹುರಿಯನ್ನು ನೆಟ್ಟಗೆ ಎತ್ತಿ ಹಿಡಿದಾಗ ಬೀಗದ ಮೊಳೆ ಮೇಲೆದ್ದಿತು. ಎಡಗೈಯಿಂದ ಸಿಕ್ಕಿದ ಮಡಿಕೆಯನ್ನು ರನ್ನರಿನ ಪಕ್ಕದಲ್ಲಿಯೇ ಹಿಡಿದು ಅಡ್ಡಕ್ಕೆ ಬಿಗಿಯಾಗಿ ಸೆಳೆದರು. ರನ್ನರನ್ನು ಎಳೆಯುವ ಬದಲು ಬಟ್ಟೆಯನ್ನು ಎಳೆಯಬೇಕೆಂಬುದೇ ಇದರ ಮರ್ಮ. ಬಿಗಿಯಾದ ಬಟ್ಟೆ ತೆಳ್ಳಗಾಗಿ ಕಾಲುವೆಯಲ್ಲಿ ಜಾಗ ಬಿಡುತ್ತದೆ. ಹುರಿಯನ್ನು ಹಲ್ಲುಸಾಲಿನ ನೇರಕ್ಕೆ ಹಿಡಿದು ಕೆಳಕ್ಕೆ ಎರಡು ಹಲ್ಲು, ಮೇಲಕ್ಕೆ ಒಂದು ಹಲ್ಲು, ಮತ್ತೆ ಕೆಳಕ್ಕೆ ಎರಡು, ಹೀಗೆ ಅಲುಗಿಸುತ್ತ ಹೋದರು. ಸ್ವಲ್ಪ ಹೊತ್ತಿಗೆ ಮಡಿಕೆ ಹೊರಬಿದ್ದಿತು. ಅಷ್ಟಕ್ಕೆ ನಿಲ್ಲಿಸಿ ಮೇಲಕ್ಕೆಳೆಯಲು ನಾವು ಕೈ ಚಾಚಿದಾಗ ಅವರು ತಲೆಯಲ್ಲಾಡಿಸಿದರು. ಎರಡು ರನ್ನರುಗಳನ್ನೂ ತಳದವರೆಗೆ ಇಳಿಸಿ, ಪಟ್ಟಿಗಳನ್ನು ಪೂರ್ತಿ ಬೇರೆ ಮಾಡಿ, ಹಲ್ಲುಸಾಲುಗಳ ಮೇಲೆ ಮೇಣದ ಬತ್ತಿಯ ತುಂಡನ್ನು ಉಜ್ಜಿ, ಕಡ್ಡಿಯನ್ನು ಎರಡು ರನ್ನರುಗಳ ಮೂಲಕವೂ ತಳ ಮುಟ್ಟುವವರೆಗೆ ಇಳಿಸಿದರು. ಒಂದು ಕೈಯಲ್ಲಿ ಕೆಳತುದಿಯನ್ನು ಬಿಗಿಹಿಡಿದು, ಇನ್ನೊಂದರಲ್ಲಿ ಹುರಿಯನ್ನು ಎಳೆದರು. ಜಿಪ್ಪು ಕೊರಳಿನವರೆಗೂ ಒಂದೇ ಓಟದಲ್ಲಿ ಹೋಯಿತು. ಎಲ್ಲ ಸೇರಿ ಐದು ನಿಮಿಷ ಹಿಡಿದಿರಬಹುದು. ಇಪ್ಪತ್ತು ನಿಮಿಷ ತಡವಾಗಿ ತಂಡ ಹೊರಟಿತು, ಹುಡುಗನೂ ಹೊರಟ.

ಒಂದು ವೇಳೆ ಮೇಲಿನ ರನ್ನರ್ ಯಾವ ಉಪಾಯಕ್ಕೂ ಮಣಿಯದೆ ಇದ್ದಿದ್ದರೆ? ಆಗಲೂ ಎರಡು ರನ್ನರುಗಳ ಜಾಕೆಟ್ಟಿನಲ್ಲಿ ಒಂದು ದಾರಿ ಉಂಟು. ಕೆಳಗಿನದನ್ನು ಮೇಲಕ್ಕೆ ತಂದು ಸಿಕ್ಕಿಕೊಂಡದ್ದಕ್ಕೆ ತಾಗಿಸಿದರೆ ಜಾಕೆಟ್ಟು ಮೇಲೂ ಕೆಳಗೂ ತೆರೆದು ಒಂದೇ ಸ್ಥಳದಲ್ಲಿ ಹಿಡಿದಿರುತ್ತದೆ. ತಲೆಯ ಮೇಲಿನಿಂದ ತೆಗೆದು ಮೇಜಿನ ಮೇಲೆ ಹರಡಿ ನಿಧಾನವಾಗಿ ಬಿಡಿಸಬಹುದು. ಮೈಮೇಲಿರುವ ಜಿಪ್ಪನ್ನು ಗಲ್ಲ ಬಗ್ಗಿಸಿ ನೋಡುತ್ತ ರಿಪೇರಿ ಮಾಡುವುದಕ್ಕಿಂತ ಇದು ಎಷ್ಟೋ ಮೇಲು.

ಮೇಣದ ವಿಚಾರದಲ್ಲಿ ಒಂದೆರಡು ಮಾತು ಹೇಳಬೇಕು. ಅಂದು ಮಂಗಳೂರಿನ ಕಡೆಯ ವಿದ್ಯಾರ್ಥಿಯೊಬ್ಬ ತನ್ನ ಚೀಲದಿಂದ ಕೊಬ್ಬರಿ ಎಣ್ಣೆಯ ಸೀಸೆಯನ್ನು ತೆಗೆದು ಓಡಿಬಂದಿದ್ದ. ಸೀಸೆಯನ್ನು ಬೋರಲು ಹಾಕಿದರೂ ಒಂದು ತೊಟ್ಟೂ ಬೀಳಲಿಲ್ಲ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಗಟ್ಟಿಯಾಗುತ್ತದೆ. ಕರಾವಳಿಯ ಹುಡುಗನಿಗೆ ಅದನ್ನು ಕಲ್ಲಿನಂತೆ ಕಾಣುವ ಸಂದರ್ಭ ಹೆಚ್ಚಾಗಿ ಬಂದಿರಲಿಕ್ಕಿಲ್ಲ. ಬಿದ್ದಿದ್ದರೂ ಅದರಿಂದ ತಾತ್ಕಾಲಿಕ ಪ್ರಯೋಜನವಷ್ಟೆ. ಎಣ್ಣೆ ಬಟ್ಟೆಗೆ ಹರಡಿ ಕಲೆ ಮಾಡುತ್ತದೆ. ಧೂಳನ್ನು ಹಿಡಿದು ಹಲ್ಲುಗಳ ನಡುವೆ ಅರೆಯುವ ಕಲ್ಕವಾಗುತ್ತದೆ. ಒಣ ಜಾರುಪದಾರ್ಥಗಳೇ ಜಿಪ್ಪಿಗೆ ಮೇಲು: ಮೇಣ, ಒಣಗಿದ ಸಾಬೂನು, ಲೋಹದ ಹಲ್ಲುಗಳಿಗಾದರೆ ಪೆನ್ಸಿಲ್ಲಿನ ಕಡ್ಡಿ. ಪೆನ್ಸಿಲ್ಲಿನಲ್ಲಿರುವ ಗ್ರಾಫೈಟು ಇಂಗಾಲದ ಪರಮಾಣುಗಳ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿದಂತಹ ವಸ್ತು. ಹಾಳೆಗಳು ಸುಲಭವಾಗಿ ಜಾರುತ್ತವೆ. ಈ ಜಾರಿಕೆ ಗ್ರಾಫೈಟಿನ ಸ್ವಂತ ಗುಣವೆಂದು ಬಹುಕಾಲ ನಂಬಲಾಗಿತ್ತು. ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳು ಬಹಳ ಎತ್ತರಕ್ಕೆ ಹಾರಲಾರಂಭಿಸಿದಾಗ ಅವುಗಳ ವಿದ್ಯುಜ್ಜನಕಗಳಲ್ಲಿದ್ದ ಇಂಗಾಲದ ಕುಂಚಗಳು ನೋಡನೋಡುತ್ತ ಸವೆದು ಪುಡಿಯಾದುವು. ಅಲ್ಲಿನ ವಾಯುವಿನಲ್ಲಿ ನೀರಾವಿ ತೀರ ಕಡಮೆ. ಗ್ರಾಫೈಟು ಜಾರಲು ಅದರ ಮೇಲ್ಮೈಗೆ ಅಂಟಿದ ತೇವದ ಅಣುಗಳೂ ಬೇಕೆಂಬುದು ಹೀಗೆ ಬೆಳಕಿಗೆ ಬಂದಿತು. ಜಾಕೆಟ್ಟು ತೊಡುವವರು ಹೋಗಬಹುದಾದ ಎತ್ತರಗಳಲ್ಲಿ ಈ ಚಿಂತೆ ಬೇಡ. ತಿಳಿಬಣ್ಣದ ಬಟ್ಟೆಗೆ ಮಸಿ ಹತ್ತುತ್ತದೆಯೆಂಬುದೊಂದೇ ಪೆನ್ಸಿಲ್ಲಿನ ದೋಷ.

ನಮ್ಮ ಕರಾವಳಿಯಲ್ಲಿ ಉಪ್ಪುಗಾಳಿಯಿಂದ ಹಿತ್ತಾಳೆಯ ಹಲ್ಲುಗಳ ಮೇಲೆ ಹಸಿರು ಕಿಲುಬು ಕಟ್ಟುವುದುಂಟು. ದೇವರ ಮನೆಯ ಹಿತ್ತಾಳೆಗೆ ಮಾಡುವ ಉಪಚಾರವೇ ಇದಕ್ಕೂ ಸರಿ: ಹುಣಸೆಯ ಹುಳಿಯಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಚೆನ್ನಾಗಿ ತೊಳೆದು ಒಣಗಿಸಿ, ಮೇಲೆ ಮೇಣ ಸವರಬೇಕು. ತೊಳೆಯದೆ ಬಿಟ್ಟರೆ ಹುಳಿಯೇ ಲೋಹವನ್ನು ತಿನ್ನತೊಡಗುತ್ತದೆ.

ಸಿಕ್ಕಿಕೊಳ್ಳುವುದಕ್ಕೆ ವಿರುದ್ಧವಾದ ಕಾಯಿಲೆಯೊಂದಿದೆ. ರನ್ನರ್ ಸಲೀಸಾಗಿ ಮೇಲೇರುತ್ತದೆ, ಆದರೆ ಅದರ ಹಿಂದೆ ಜಿಪ್ಪು ಬಾಯಿ ಬಿಟ್ಟುಕೊಂಡೇ ಇರುತ್ತದೆ. ಬಹುಮಂದಿ ಇದನ್ನು ಹಲ್ಲುಗಳ ಸವೆತವೆಂದು ತಿಳಿದು ಇಡೀ ಜಿಪ್ಪನ್ನು ಬದಲಾಯಿಸುತ್ತಾರೆ, ಕೆಲವರು ಜಾಕೆಟ್ಟನ್ನೇ ಮೂಲೆಗೆಸೆಯುತ್ತಾರೆ. ನಮ್ಮ ಅನುಭವದಲ್ಲಿ ತಪ್ಪು ಸಾಮಾನ್ಯವಾಗಿ ರನ್ನರಿನದು. ಬಲವಂತದ ಎಳೆತಗಳಿಂದ ಅದರ ಮೇಲಿನ ಮತ್ತು ಕೆಳಗಿನ ಹಲಗೆಗಳು ಕೂದಲೆಳೆಯಷ್ಟು ಅಗಲಿರುತ್ತವೆ; ಹಲ್ಲುಗಳನ್ನು ಬೆಸೆಯಲು ಬೇಕಾದ ಒತ್ತಡ ಅದರಿಂದ ಬಾರದಾಗುತ್ತದೆ. ಕವಲಿಲ್ಲದ ತುದಿಯ ಎರಡು ಪಕ್ಕಗಳನ್ನೂ ಒಂದಾದ ಮೇಲೊಂದರಂತೆ ಇಕ್ಕಳದಿಂದ ಮೆಲ್ಲಗೆ ಅದುಮಿ, ಪ್ರತಿಸಲವೂ ಓಡಿಸಿ ನೋಡಬೇಕು. ರನ್ನರುಗಳನ್ನು ಹೆಚ್ಚಾಗಿ ಸತುವಿನ ಮಿಶ್ರಲೋಹದಿಂದ ಎರಕ ಹೊಯ್ದಿರುತ್ತಾರೆ. ಅದು ಉಕ್ಕಿನಂತೆ ಬಾಗುವ ಲೋಹವಲ್ಲ, ಅತಿಯಾಗಿ ಅದುಮಿದರೆ ಬಿರಿಯುತ್ತದೆ. ಅದುಮಿದರೂ ಸರಿಹೋಗದಿದ್ದರೆ ಹೊಸ ರನ್ನರನ್ನು ಕೊಳ್ಳಬಹುದು. ಹಳೆಯದರ ಬೆನ್ನಿನ ಮೇಲೆ 3, 5, 8 ಮುಂತಾದ ಅಂಕಿ ಇರುವುದು ವಾಡಿಕೆ. ಮುಚ್ಚಿದ ಹಲ್ಲುಸಾಲಿನ ಅಗಲ ಸುಮಾರು ಎಷ್ಟು ಮಿಲಿಮೀಟರೆಂಬುದನ್ನು ಅದು ಸೂಚಿಸುತ್ತದೆ. ಅಂಕಿಯ ಜೊತೆಗೆ ಹಲ್ಲಿನ ಜಾತಿಯೂ ಹೊಂದಬೇಕು. ಸುರುಳಿಯ ಜಿಪ್ಪಿನ ರನ್ನರ್ ಲೋಹದ ಹಲ್ಲಿಗೆ ಆಗದು.

ಎರಡನ್ನೂ ಬದಲಾಯಿಸುವಾಗ ಪಟ್ಟಿಯ ಮೇಲ್ತುದಿಯ ತಡೆಯನ್ನು ಬಿಚ್ಚಿ, ಮೊದಲು ಕೆಳಗಿನ ರನ್ನರನ್ನು ಕವಲು ಕೆಳಗಾಗುವಂತೆ, ಆಮೇಲೆ ಮೇಲಿನದನ್ನು ಕವಲು ಮೇಲಾಗುವಂತೆ ತೂರಿಸಬೇಕು. ಈ ಕ್ರಮವನ್ನು ನಾವು ಒಮ್ಮೆ ತಪ್ಪಿಸಿ, ಎಳೆದಂತೆಲ್ಲ ಬಿಚ್ಚಿಕೊಳ್ಳುವ ಅಪೂರ್ವವಾದ ಜಾಕೆಟ್ಟೊಂದನ್ನು ತಯಾರಿಸಿದ್ದೆವು. ಕೆಳಗಿನಿಂದ ತೆರೆಯುವ ಅಗತ್ಯವೇ ಇಲ್ಲದವರಿಗೆ ಇನ್ನೂ ಸುಲಭವಾದ ಉಪಾಯವಿದೆ. ಕೆಳ ರನ್ನರನ್ನು ತಳಕ್ಕೆ ಇಳಿಸಿ, ಅದರ ಹಿಡಿಕೆಯನ್ನು ನಾಲ್ಕಾರು ಹೊಲಿಗೆಗಳಿಂದ ಅದೇ ಪಟ್ಟಿಗೆ ಬಿಗಿದುಬಿಟ್ಟರೆ ಅದು ಮೇಲೇರದು; ಸಾಮಾನ್ಯ ಜಾಕೆಟ್ಟಿನ ಡಬ್ಬಿಯಂತೆಯೇ ಕೆಲಸ ಮಾಡುತ್ತದೆ. ಕಡ್ಡಿಯೇ ಮುರಿದಿದ್ದರೆ ಅಥವಾ ಅದರ ಬಳಿ ಪಟ್ಟಿಯ ನೂಲು ಬಿಟ್ಟುಕೊಂಡಿದ್ದರೆ ಮಾತ್ರ ದರ್ಜಿಯ ಬಳಿಗೆ ಹೋಗಿ ಇಡೀ ಜಿಪ್ಪನ್ನು ಬದಲಾಯಿಸುವುದು ಅನಿವಾರ್ಯ.

ಹಾಸನದ ಹುಡುಗ ಊರಿಗೆ ಮರಳಿದ ಮೇಲೆ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಹೊಲಿಗೆ ಸಾಮಾನಿನ ಅಂಗಡಿಯೊಂದರಿಂದ ಸರಿಯಾದ ಅಂಕಿಯ ರನ್ನರನ್ನು ನಾವೇ ಕೊಂಡು ಅವನಿಗೆ ಕೊಟ್ಟೆವು, ಮುರಿದದ್ದು ನಮ್ಮ ಕೈಯಲ್ಲವೆ? ಅವನು ಅದನ್ನು ತೆಗೆದುಕೊಂಡ, ಆದರೆ ಹಾಕಿಸಲಿಲ್ಲ. ಮುಂದಿನ ಚಳಿಗಾಲದಲ್ಲಿ ತರಗತಿಗೆ ಬಂದಾಗ ಜಾಕೆಟ್ಟಿನ ಎದೆಯ ಮೇಲೆ ಗೋಣಿಚೀಲದ ಆ ಹುರಿಯೇ ತೂಗುತ್ತಿತ್ತು. ಅಣ್ಣ ಜಾಕೆಟ್ಟನ್ನು ಅವನಿಗೇ ಬಿಟ್ಟುಕೊಟ್ಟಿದ್ದನಂತೆ.